ಹೊನ್ನಪ್ಪನವರ ಫೋಲ್ಡರು

ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ, ಮಿಡಿಸೌತೆಯನ್ನು ಉಪ್ಪುನೀರಲ್ಲಿ ಹಾಕಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಗೆ ಇ-ಮೇಲು ಬಂದಿತು. ಅಂದಿನಿಂದ ಮ್ಯಾನೇಜರ್ ಹೊನ್ನಪ್ಪನವರು ಬಾಯಿಬಿಟ್ಟು ಮಾತಾಡುವುದನ್ನೇ ನಿಲ್ಲಿಸಿದರು. ನಾಲಿಗೆ ಇರುವುದು ಮುದ್ದೆ ನುಂಗುವುದಕ್ಕೆ ಮಾತ್ರ ಎಂಬಂತೆ, ಹೇಳಬೇಕಾದ್ದನ್ನೆಲ್ಲ ಕೀಲಿಮಣೆಯಲ್ಲಿ ಕುಟ್ಟತೊಡಗಿದರು.

ಅವರ ಕೋಣೆಗೂ ಗುಮಾಸ್ತ ಚಿಕ್ಕಸ್ವಾಮಿಯ ಮೇಜಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಅವರು ಸೀನಿದರೆ ಇವನು ಮುಖ ಒರೆಸಿಕೊಳ್ಳಬೇಕು, ಅಷ್ಟು ಹತ್ತಿರ. ಆದರೂ 'ಕಾಫಿ ತರಿಸು' ಎಂಬ ಅಪ್ಪಣೆ ಟೆಲಿಫೋನ್ ತಂತಿ ಹಿಡಿದು ಯಾವ ಯಾವುದೋ ದೇಶ ಸುತ್ತಿ, ಕಾಫಿಯ ಆಸೆ ಆರಿದ ಮೇಲೆ ಚಿಕ್ಕಸ್ವಾಮಿಗೆ ತಲುಪುತ್ತಿತ್ತು. ಅದರ ಪ್ರತಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಖರೀದಿ ಕಚೇರಿಗಳಿಗೂ ಹೋಗುತ್ತಿತ್ತು. ಸಾಹೇಬರು ಕಾಫಿ ಕುಡಿಯುವ ಸಂಗತಿ ಉಳಿದ ತಾಲ್ಲೂಕುಗಳಿಗೂ ತಿಳಿಯಬೇಡವೇ? ಅಲ್ಲಿಂದ 'ತಿಳಿಯಿತು' ಎಂಬ ಉತ್ತರಗಳು ಬಂದು ಅವೂ ಚಿಕ್ಕಸ್ವಾಮಿಯ ಪೆಟ್ಟಿಗೆಯಲ್ಲೇ ಬೀಳುತ್ತಿದ್ದವು.

ಬೆಳಿಗ್ಗೆ ಓದಲು ಕೂತರೆ ಸಂಜೆಯಾದರೂ ಮುಗಿಯದು. ಕೊನೆಗೆ ಅವನನ್ನು ಮೈಸೂರಿಗೆ ತರಬೇತಿಗೆ ಕಳಿಸಿದರು. ಯಾರಿಂದ ಬಂದದ್ದು ಯಾವ ಫೋಲ್ಡರಿಗೆ ಹೋಗಬೇಕೆಂದು ಒಮ್ಮೆ ಹೇಳಿಟ್ಟರೆ ಸಾಕು, ಕಂಪ್ಯೂಟರೇ ಜರಡಿ ಹಿಡಿಯುತ್ತದೆ ಎಂದು ಅಲ್ಲಿ ಕಲಿತ. ಫಿಲ್ಟರು ಎಂದರೆ ಕಾಫಿಯದ್ದು ಮಾತ್ರ ಎಂದುಕೊಂಡಿದ್ದವನಿಗೆ ಮೋಕ್ಷದ ಬಾಗಿಲು ಕಂಡಂತಾಯಿತು. ಬಂದವನೇ ಹೊನ್ನಪ್ಪನವರಿಗೆಂದೇ ಒಂದು ಫೋಲ್ಡರು ಮಾಡಿ, ಅವರ ಅಪ್ಪಣೆಗಳೆಲ್ಲ ಸೀದಾ ಅದರೊಳಕ್ಕೆ ಇಳಿಯುವಂತೆ ಏರ್ಪಾಟು ಮಾಡಿದ. ಶನಿವಾರ ನಿಧಾನಕ್ಕೆ ಓದುವುದೆಂದು ನಿಶ್ಚಯ. ಶನಿವಾರಗಳು ಬಂದವು, ಹೋದವು. ಕಾಫಿಯನ್ನು ಮಾತ್ರ ಗಡಿಯಾರ ನೋಡಿ ತರಿಸುತ್ತಿದ್ದುದರಿಂದ ಹೊನ್ನಪ್ಪನವರಿಗೆ ಅನುಮಾನ ಬರಲಿಲ್ಲ.

ಅವನ ಪರದೆ ಗುಡಿಸಿ ಸಾರಿಸಿದ ಅಂಗಳದಂತಿರುವುದನ್ನು ಕಂಡು ಹೊನ್ನಪ್ಪನವರು ಅಪರೂಪಕ್ಕೆ ಬಾಯಿಬಿಟ್ಟರು. "ನೋಡ್ರಲಾ, ಇಂಗಿರ್ಬೇಕು ಕೆಲ್ಸ ಅಂದ್ರೆ!" ಉಳಿದ ಕಚೇರಿಗಳವರಿಗೂ ಪಾಠ ಹೇಳಿ ಬರಲು ಅವನನ್ನೇ ಕಳಿಸಿದರು.

ಒಂದು ದಿನ ಕಾಯಿ ತೊಳೆಯುವ ಯಂತ್ರ ಕೆಟ್ಟಿತು. ನಾಳೆ ಕಾಯಿ ಕೀಳಬೇಡ ಎಂದು ಮರುದಿನದ ಸರದಿಯ ರೈತನಿಗೆ ಫೋನು ಮಾಡಿ ತಿಳಿಸಬೇಕಾದವನು ಚಿಕ್ಕಸ್ವಾಮಿ. ಹೊನ್ನಪ್ಪನವರು ಎಂದಿನಂತೆ ಮೇಲು ಕುಟ್ಟಿದರು. ಕಾಫಿಗೆ ಊರೆಲ್ಲ ಡಂಗುರ ಹೊಡೆಯುತ್ತಿದ್ದವರು ಈ ಒಂದರ ಪ್ರತಿಯನ್ನು ಮಾತ್ರ ಬೇರೆ ಯಾರಿಗೂ ಕಳಿಸಲಿಲ್ಲ.

ಮರುದಿನ ಬೆಳಿಗ್ಗೆ ಆ ಸರದಿಯ ರೈತ, ಹೊಣಕೆರೆಯ ಕೆಂಪಣ್ಣ, ಟ್ರಾಕ್ಟರಿನ ತುಂಬ ಮಿಡಿಸೌತೆ ಹೇರಿಕೊಂಡು ಗೇಟಿಗೆ ಬಂದ. ಇವತ್ತು ತೆಗೆದುಕೊಳ್ಳುವುದಿಲ್ಲ ಎಂದು ಗೇಟಿನವನು ಹೇಳಿದ್ದೇ ತಡ, ಸೀದಾ ಆಫೀಸಿಗೆ ನುಗ್ಗಿ ಚಿಕ್ಕಸ್ವಾಮಿಯ ಮೇಜಿನೆದುರು ನಿಂತ.

"ಬ್ಯಾಡ ಅಂತ ಒಂದ್ ಮಾತು ಯೋಳಕ್ಕೆ ಏನ್ಲಾ ಆಗಿತ್ತು ನಿಂಗೆ? ಬಿಸ್ಲು ಏರುದ್ರೆ ಬಾಡೋಯ್ತವೆ. ನಮ್ಮೂರಲ್ಲಿ ಈ ಕಾಯ್ನ ದನಾನೂ ಮೂಸಲ್ಲ!"

"ನಾನು ಮೇಲ್ ಆಕಿದ್ನಲ್ಲಲೇ ಚಿಕ್ಕಸ್ವಾಮಿ!" ಎಂದು ಹೊನ್ನಪ್ಪನವರು ಹೊರಗೆ ಬಂದರು.

ಚಿಕ್ಕಸ್ವಾಮಿ ಕಂಪ್ಯೂಟರಿನ ಕಡೆ ತಿರುಗಿದ. ಫೋಲ್ಡರು ತೆರೆದ. ನಿನ್ನೆಯ ಅಪ್ಪಣೆ ಮೇಲುಗಡೆಯೇ ಇತ್ತು.

"ಕೆಂಪಣ್ಣ, ತಪ್ಪು ನಂದೇ ಕಣಣ್ಣ," ಎಂದ. ಆಮೇಲೆ ಹೊನ್ನಪ್ಪನವರ ಕಡೆ ತಿರುಗಿ, "ಸಾ, ಹಲಗೆ ಒಂದ್ಸಲ ತಟ್ಟಿದ್ರೂ ಆಯ್ತಿತ್ತು," ಎಂದ.

"ತಟ್ಟಕ್ಕೆ ಇದೇನ್ ದನದ ಕೊಟ್ಟಿಗೆಯಾ? ಎಲ್ಲಾ ರೆಕಾರ್ಡ್ ಮೇಲಿರ್ಬೇಕು!"

ಪಾಂಡವಪುರದ ಕಡೆ ಇನ್ನೊಂದು ಮಿಡಿಸೌತೆ ಕಾರ್ಖಾನೆಯಿತ್ತು. ಚಿಕ್ಕಸ್ವಾಮಿ ಅಲ್ಲಿಗೆ ಫೋನು ತಿರುಗಿಸಿದ. ಬಿಸಿಲೇರುವ ಮುಂಚೆ ತಂದರೆ ತೆಗೆದುಕೊಳ್ಳುತ್ತೇವೆ ಎಂದರು.

"ಎದ್ರಾಳಿಗಳಿಗೆ ಕೊಡೋದಾ? ಒಪ್ಗೆ ಕೇಳಿ ಮೇಲ್ ಆಕು, ನೋಡಾನ," ಎಂದರು ಹೊನ್ನಪ್ಪನವರು.

ಚಿಕ್ಕಸ್ವಾಮಿ ಹೊರಗೆ ಹೋಗಿ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತ. ದಾರಿಯುದ್ದಕ್ಕೂ ಕೆಂಪಣ್ಣ ಬೈದ. ಪಾಂಡವಪುರದವರು ಕಾಯಿ ಇಳಿಸಿಕೊಂಡ ಮೇಲಷ್ಟೇ ಕೆಂಪಣ್ಣನ ದನಿ ತಗ್ಗಿತು. "ಬಾರ್ಲಾ, ಟೀ ಕುಡಿಯಾನ," ಎಂದ.

ಮರುದಿನದಿಂದ ಚಿಕ್ಕಸ್ವಾಮಿ ಬೆಳಿಗ್ಗೆ ಬಂದೊಡನೆ ಹೊನ್ನಪ್ಪನವರ ಮೇಜಿನೆದುರು ನಿಂತು, "ಇವತ್ತೇನು ಸಾ?" ಎಂದು ಕೇಳತೊಡಗಿದ. ಬಾಯಲ್ಲಿ ಹೇಳುವವರೆಗೂ ಕದಲುತ್ತಿರಲಿಲ್ಲ. ಹೊನ್ನಪ್ಪನವರು ಗೊಣಗುತ್ತಲೇ ಹೇಳುವುದನ್ನು ಕಲಿತರು.

ವರ್ಷದ ಕೊನೆಗೆ ಮುಖ್ಯ ಕಚೇರಿಯವರು, ಸಿಬ್ಬಂದಿಯೊಡನೆ ನೇರವಾಗಿ ಮಾತಾಡುವ ಹೊಸ ಪದ್ಧತಿ ಕಂಡುಹಿಡಿದದ್ದಕ್ಕಾಗಿ ಹೊನ್ನಪ್ಪನವರಿಗೆ ಶಾಲು ಹೊದಿಸಿದರು. ಚಿಕ್ಕಸ್ವಾಮಿಯೂ ಮುಂದಿನ ಸಾಲಿನಲ್ಲಿ ಕೂತು, ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ.