ಗಿರಣಿ ಕರೆಯದ ಬೆಳಗು

ಘತ್ತರಗಿಯಲ್ಲಿ ಸೂರ್ಯ ಕೂಡ ಕಲ್ಯಾಣಪ್ಪನ ಗಿರಣಿಯ ಸದ್ದು ಕೇಳಿಯೇ ಏಳುತ್ತಾನೆ ಎಂದು ಹೇಳುವವರಿದ್ದರು. ಡೀಸೆಲ್ ಇಂಜಿನ್ನಿನ ಹೊಗೆಕೊಳವೆ ಮಾಳಿಗೆಯ ಮೇಲೆ ತಲೆಯೆತ್ತಿತ್ತು. ಅದರ ತುದಿಗೆ ಕಲ್ಯಾಣಪ್ಪನ ಅಪ್ಪ ಒಂದು ತಗಡಿನ ಡಬ್ಬಿಯನ್ನು ಬೋರಲು ಹಾಕಿ ಕಟ್ಟಿದ್ದ. ಇಂಜಿನ್ನು ಉಸಿರು ಬಿಟ್ಟಾಗಲೆಲ್ಲ ಡಬ್ಬಿ ಕುಕ್ ಕುಕ್ ಎನ್ನುತ್ತಿತ್ತು. ಆ ಸದ್ದು ಜೋಳದ ಹೊಲಗಳ ಮೇಲೆ ತೇಲಿ, ಭೀಮಾ ಹೊಳೆಯ ಮಂಜಿನೊಳಗೆ ಹೊಕ್ಕು, ಆಚೆ ದಡದವರ ನಿದ್ದೆಯನ್ನೂ ಮೆಲ್ಲಗೆ ಅಲುಗಿಸುತ್ತಿತ್ತು. ಗಿರಣಿ ಶುರುವಾಯಿತೆಂದು ಹೆಂಗಸರು ಬುಟ್ಟಿ ಹೊರುತ್ತಿದ್ದರು.

ಎಲ್ಲರಿಗಿಂತ ಮೊದಲು ಬರುವವಳು ನಿಂಬೆವ್ವ. ಊರಾಚೆ ಹೊಲದ ಗುಡಿಸಲಲ್ಲಿ ತನ್ನ ಆಡುಗಳ ಜೊತೆ ರಾಣಿಯ ಹಾಗೆ ಇದ್ದ ಮುದುಕಿ. ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಮಜ್ಜಿಗೆಯಾಗಿತ್ತು. ಆದರೂ ಯಾರ ಕೈಯನ್ನೂ ಹಿಡಿಯದೆ ಕೋಲೂರಿಕೊಂಡು ಬರುತ್ತಿದ್ದಳು. ಗಿರಣಿ ಶುರುವಾದ ದಿನ ಮೊದಲು ಬೀಸಿದ್ದು ಅವಳ ಜೋಳ. ಅವತ್ತಿನಿಂದ ಬೋಣಿ ಅವಳದೇ. ಅವಳು ತಂದದ್ದು ಒಂದು ಹಿಡಿಯಾದರೂ ಸರಿ, ಅದು ಕಲ್ಲಿಗೆ ಬೀಳುವವರೆಗೆ ಬೇರೆ ಬುಟ್ಟಿಗೆ ಕೈ ಹಚ್ಚುವಂತಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಗಿರಣಿಯವರೆಗೆ ಕರೆಂಟಿನ ತಂತಿ ಬಂತು. ಕಲ್ಯಾಣಪ್ಪನಿಗೆ ಹೊಸದೆಂದರೆ ಪಂಚಪ್ರಾಣ. ಜೇವರ್ಗಿಯ ಬುರಾನುದ್ದೀನನ ಅಂಗಡಿಯಲ್ಲಿ ಹಸಿರು ಬಣ್ಣದ ಮೋಟಾರು ನೋಡಿದ್ದೇ ತಡ, ಮನಸ್ಸನ್ನು ಅಲ್ಲೇ ಬಿಟ್ಟು ಬಂದ.

"ಒಂದು ಸುಗ್ಗಿ ಇಂಜಿನ್ನು, ಮೋಟಾರು ಎರಡೂ ಇರ್ಲಿ. ಬೀಸಾಕ ಬರೋರನ್ನ ಒಂದ್ ಮಾತು ಕೇಳ್ರಿ," ಎಂದಳು ಹೆಂಡತಿ ಗುರುಶಾಂತಮ್ಮ.

"ಮಶೀನಿನ ಮಾತು ನಿನಗೇನು ತಿಳೀತದ? ಹಿಟ್ಟು ಬಂದ್ರ ಸಾಕಲ್ಲ ಅವರಿಗೆ," ಎಂದು ಅವನು ಹೆಗಲ ಮೇಲಿನ ಟವೆಲ್ ಝಾಡಿಸಿದ.

ಮೋಟಾರು ಇಳಿಸಲು ಬಂದ ಬುರಾನುದ್ದೀನ ಹಳೆಯ ಇಂಜಿನ್ನನ್ನು ನೋಡಿ, "ಇದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರೇನ್ರಿ ಸಾವ್ಕಾರ್ರ?" ಎಂದು ನಕ್ಕ. ಕಲ್ಯಾಣಪ್ಪನೂ ನಕ್ಕ. ಇಂಜಿನ್ನು ಡಬ್ಬಿಯ ಸಮೇತ ಲಾರಿ ಹತ್ತಿತು.

ಮರುದಿನ ನಸುಕಿನಲ್ಲಿ ಮೋಟಾರು ಶುರುವಾಯಿತು. ಅದರ ಗುಂಯ್ ಎನ್ನುವ ಜೇನಿನಂಥ ದನಿ ಹೊಸ್ತಿಲನ್ನೂ ದಾಟಲಿಲ್ಲ. ಕಲ್ಯಾಣಪ್ಪ ಬಾಗಿಲಲ್ಲಿ ಕೂತ. ಊರು ನೀರಿನಡಿಗೆ ಇಳಿದು ಮಲಗಿದಂತಿತ್ತು. ಮಂಜು ಮೆಲ್ಲಗೆ ಕರಗಿತು, ಬಿಸಿಲು ಬಂತು, ಬುಟ್ಟಿ ಮಾತ್ರ ಒಂದೂ ಬರಲಿಲ್ಲ. ದಾರಿಹೋಕನೊಬ್ಬ, "ಯಾಕ್ರಿ, ಗಿರಣಿ ಬಂದ್ ಮಾಡೀರಂತಲ್ಲ? ಹೆಣ್ಮಕ್ಕಳೆಲ್ಲ ಬೀಸಿಸ್ಕೊಂಡ್ ಬರಾಕ ಅಫಜಲಪುರದ ಬಸ್ಸಿಗೆ ಕುಂತಾರ," ಎಂದ. ಕಲ್ಯಾಣಪ್ಪನಿಗೆ ಊರಿನ ಮೇಲೆಯೇ ಸಿಟ್ಟು ನೆತ್ತಿಗೇರಿತು.

"ಸಿಟ್ಟು ಆಮ್ಯಾಗ ಮಾಡ್ರಿ. ನಿಂಬೆವ್ವ ಎಲ್ಲಿ?" ಎಂದಳು ಗುರುಶಾಂತಮ್ಮ.

ಅವನು ದಡಬಡಿಸಿ ಎದ್ದ. ಗುಡಿಸಲಿಗೆ ಓಡಿದ. ಆಡುಗಳಿದ್ದವು, ಬಾಗಿಲು ತೆರೆದಿತ್ತು, ಕೋಲಿರಲಿಲ್ಲ. ಕಾಲುದಾರಿ ಬೇವಿನ ಮರದ ಹತ್ತಿರ ಎರಡಾಗುತ್ತದೆ. ಒಂದು ಗಿರಣಿಗೆ, ಇನ್ನೊಂದು ಹೊಳೆಗೆ. ಹೊಳೆಯ ದಾರಿಯಲ್ಲಿ ಅಲ್ಲಲ್ಲಿ ಜೋಳದ ಕಾಳು ಬಿದ್ದಿದ್ದವು.

ನಿಂಬೆವ್ವ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ತಲೆಯ ಮೇಲೆ ಬುಟ್ಟಿ ಹಾಗೇ ಇತ್ತು. ಮುಂದೆ ಕೋಲೂರಿ ನೋಡುತ್ತಾಳೆ, ನೆಲ ಸಿಗುತ್ತಿಲ್ಲ.

"ಅವ್ವಾ, ನಿಂದ್ರು! ನಾ ಕಲ್ಯಾಣಪ್ಪ!"

"ನಿನ್ನ ಗಿರಣಿ ಯಾಕೋ ಕರೀಲಿಲ್ಲ ತಮ್ಮಾ?" ಎಂದಳು ಅವಳು, ಬೇಸರವಿಲ್ಲದ ದನಿಯಲ್ಲಿ. "ಭಾಳ ಹೊತ್ತು ಕಾದೆ. ನೀರಿನ ಸಪ್ಪಳ ಒಂದ ಕೇಳಾಕತ್ತಿತ್ತು. ಅದ ಇರಬೇಕಂತ ಬಂದೆ."

ಕೈಹಿಡಿದು ದಡಕ್ಕೆ ತರುವಾಗ ಕಲ್ಯಾಣಪ್ಪ ಮಗುವಿನಂತೆ ಅತ್ತುಬಿಟ್ಟ. ಅವನು ಕಳಿಸಿದ್ದು ಬರೀ ಇಂಜಿನ್ನಲ್ಲ, ಒಬ್ಬಳ ದಾರಿ.

ಅವತ್ತೇ ಜೇವರ್ಗಿಗೆ ಹೋದ. ಇಂಜಿನ್ನು ಆಗಲೇ ಯಾರದೋ ಹೊಲದಲ್ಲಿ ನೀರೆತ್ತುತ್ತಿತ್ತು. ಹೊಲದವನು ಕೈಮುಗಿದು, "ಪೈರು ಒಣಗ್ತದ್ರಿ, ಹ್ಯಾಂಗ ಕೊಡ್ಲಿ?" ಎಂದ. ತಪ್ಪು ತನ್ನದಾದ ಮೇಲೆ ಅವನ ಮೇಲೆ ಎಗರಾಡಿ ಏನು ಬಂತು? ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ತಗಡಿನ ಡಬ್ಬಿಯನ್ನಷ್ಟೇ ಬುರಾನುದ್ದೀನ ಒರೆಸಿ ಕೊಟ್ಟ. "ಇನ್ನೊಂದು ಹಳೇ ಇಂಜಿನ್ನು ಹುಡುಕ್ತೇನಿ. ಸ್ವಲ್ಪ ಸಬರ್ ಮಾಡ್ರಿ," ಎಂದ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕಲ್ಯಾಣಪ್ಪ ಊರಿಗೆ ಬಂದ.

ಮರುದಿನ ನಸುಕಿನಲ್ಲಿ ಅವನು ಮಾಳಿಗೆ ಹತ್ತಿದ. ಸುತ್ತ ಬರೀ ಮಂಜು. ಡಬ್ಬಿಯನ್ನು ಬಾಯಿಗೆ ಹಿಡಿದ. ನಾಚಿಕೆಯಾಗಿ ಒಮ್ಮೆ ಇಳಿಸಿ ಮತ್ತೆ ಹಿಡಿದ. ಆಮೇಲೆ ಕಣ್ಣು ಮುಚ್ಚಿ, ಎದೆಯ ಉಸಿರನ್ನೆಲ್ಲ ಸೇರಿಸಿ ಕೂಗಿದ.

"ಕುಕ್... ಕುಕ್... ಕುಕ್..."

ಕೆಳಗೆ ಗುರುಶಾಂತಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಸಾವ್ಕಾರನಿಗೆ ಹುಚ್ಚು ಹಿಡಿಯಿತೆಂದು ಯಾರೋ ಅಂದರು. ಅವನು ನಿಲ್ಲಿಸಲಿಲ್ಲ. ಮಂಜಿನೊಳಗೆ, ಬೇವಿನ ಮರದ ಕಡೆ, ಕೋಲಿನ ಸಪ್ಪಳ ಒಂದು ಗಳಿಗೆ ನಿಂತಿತು. ಆಮೇಲೆ ಇತ್ತ ಕಡೆ ತಿರುಗಿತು.

ನಿಂಬೆವ್ವ ಬಂದು ಹೊಸ್ತಿಲಲ್ಲಿ ಬುಟ್ಟಿ ಇಳಿಸಿದಳು. ಮೇಲಿನಿಂದ ಏದುಸಿರು ಬಿಡುತ್ತ ಇಳಿದು ಬಂದವನ ಕಡೆ ಮುಖ ಎತ್ತಿದಳು.

"ನಿನ್ನ ಇಂಜಿನ್ನಿಗೆ ನೆಗಡಿ ಆಗ್ಯಾದೇನೋ ತಮ್ಮಾ?"

"ಹೌದವ್ವಾ," ಎಂದು ಕಲ್ಯಾಣಪ್ಪ ಅವಳ ಜೋಳವನ್ನು ಕಲ್ಲಿಗೆ ಸುರಿದ. "ಆದ್ರೂ ದಿನಾ ಕರೀತದ."