ದ್ರಾಕ್ಷಕ್ಕನ ಹೆಗಲು

ಸರ್ಕಸ್ಸಿನಲ್ಲಿ ಮೇಲೆ ನಿಂತವರಿಗೆ ಚಪ್ಪಾಳೆ, ಕೆಳಗೆ ನಿಂತವರಿಗೆ ಕುತ್ತಿಗೆ ನೋವು. ನಾನು ಕೆಳಗೆ ನಿಂತವಳು. ವಿಶಾಲ ಅಂತ ಹೆಸರಿಟ್ಟ ಮೇಲೆ ಮೈಯೂ ಅದಕ್ಕೆ ತಕ್ಕಂತೆ ಬೆಳೆಯಿತು, ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಹಳೇಬೀಡಿನ ಮಕ್ಕಳ ಸರ್ಕಸ್ಸಿನಲ್ಲಿ ಮನುಷ್ಯರ ಗೋಪುರ ಕಟ್ಟುವಾಗ ಕೆಳಸಾಲಿನ ಮೂವರಲ್ಲಿ ನಡುವಿನವಳು ನಾನೇ. ನಾನು ಸೀನಿದರೆ ಇಡೀ ಗೋಪುರ ಅಲ್ಲಾಡುತ್ತಿತ್ತು.

ಈ ಸರ್ಕಸ್ ಕಟ್ಟಿದವಳು ದ್ರಾಕ್ಷಾಯಣಿ. ಬಿಕ್ಕೋಡಿನ ಕಡೆ ಕಾಫಿ ತೋಟದ ಆಳುಗಳ ಮಗಳು. ಚಿಕ್ಕಂದಿನಲ್ಲೇ ಯಾವುದೋ ದೊಡ್ಡ ಸರ್ಕಸ್ ಕಂಪನಿ ಸೇರಿ ದೇಶವೆಲ್ಲ ತಿರುಗಿದವಳು. ಬಲ ಮೊಣಕಾಲು ಕೆಟ್ಟಿತು, ಆಮೇಲೆ ಅರಸೀಕೆರೆಯಲ್ಲಿ ಡೇರೆ ಹಾಕಿದ್ದಾಗ ಕಂಪನಿಯೂ ಕೆಟ್ಟಿತು. ಹಳೇಬೀಡಿನಲ್ಲಿ ನಮ್ಮ ತಂದೆ ದೇವೀರಪ್ಪನವರ ಕೊಬ್ಬರಿ ಗೋದಾಮಿಗೆ ಕಾಯಿ ಸುಲಿಯಲು ಬಂದಳು. ಒಂದು ಮಧ್ಯಾಹ್ನ ಬಿಡುವಿನಲ್ಲಿ ನಾಲ್ಕು ಕೊಬ್ಬರಿ ಗಿಟುಕುಗಳನ್ನು ಒಂದೂ ನೆಲಕ್ಕೆ ಬೀಳದಂತೆ ಗಾಳಿಯಲ್ಲಿ ಆಡಿಸಿದ್ದೇ ಆಡಿಸಿದ್ದು, ಮರುದಿನದಿಂದ ಗೋದಾಮಿನ ಮುಂದೆ ಮಕ್ಕಳ ಸಂತೆ ನೆರೆಯಿತು. ಅಪ್ಪ ಬೈಯುತ್ತಾರೆಂದು ನಾವು ಕಾದೆವು. ಅವರು ಮೂಟೆಗಳನ್ನು ಒಂದು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು.

ಸಾವಿರದ ಒಂಬೈನೂರ ಎಂಬತ್ತರ ಮಾತು. ನಾವು ಅವಳನ್ನು ದ್ರಾಕ್ಷಕ್ಕ ಅಂತ ಕರೆಯುತ್ತಿದ್ದೆವು. ಬಸದಿ ಬೀದಿಯ ತ್ರಿಶಲಾ, ಕೇರಿಯ ಹುಚ್ಚಣ್ಣ, ಹಗರೆಯಿಂದ ಸೈಕಲ್ ತುಳಿದುಕೊಂಡು ಬರುವ ಮರಿಯಣ್ಣ, ಎಲ್ಲರೂ ಒಟ್ಟಿಗೇ. ಯಾರ ಕಾಲು ಯಾರ ಹೆಗಲ ಮೇಲೆ ಎಂದು ಅರಳಿಕಟ್ಟೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ದ್ರಾಕ್ಷಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗಟ್ಟಿ ಇದ್ದವರು ಕೆಳಗೆ, ಹಗುರ ಇದ್ದವರು ಮೇಲೆ, ಅಷ್ಟೇ ಅವಳ ಕಾನೂನು. ಅಂಥ ನ್ಯಾಯವನ್ನು ನಾನು ಆಮೇಲೆ ಯಾವ ಆಫೀಸಿನಲ್ಲೂ ಕಾಣಲಿಲ್ಲ.

ಆದರೆ ಗೋಪುರ ಮಾತ್ರ ನಿಲ್ಲುತ್ತಿರಲಿಲ್ಲ. ಕಾರಣ ಕೇಳಿದರೆ ನೀವೂ ನಗುತ್ತೀರಿ. ಯಾರಿಗಾದರೂ ಕಾಲು ತಾಗಿದರೆ ತಕ್ಷಣ ಬಗ್ಗಿ, ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳಬೇಕೆಂದು ನಮಗೆ ಹಾಲು ಕುಡಿಯುವಾಗಲೇ ಕಲಿಸಿದ್ದಾರೆ. ಹೆಗಲ ಮೇಲೆ ಕಾಲಿಟ್ಟರೆ ಆ ಅಭ್ಯಾಸ ಬಿಡುತ್ತದೆಯೇ? ಹತ್ತಿದವರು ಹತ್ತಿದ ಹಾಗೇ ಬಗ್ಗುವರು, ಬಗ್ಗಿದ ಹಾಗೇ ಬೀಳುವರು. ಬಿದ್ದವರ ಕಾಲು ಇನ್ನೊಬ್ಬರಿಗೆ ತಾಗಿ, ಅಲ್ಲಿ ಮತ್ತೊಂದು ನಮಸ್ಕಾರ.

“ಊರೂರು ಸುತ್ತಿ ಬಂದೀನಿ. ಮರ್ಯಾದೆ ಜಾಸ್ತಿಯಾಗಿ ಬೀಳೋ ಸರ್ಕಸ್ಸು ಇದೊಂದೇ ಕಣ್ರೋ ನಾನು ನೋಡಿದ್ದು!” ಎಂದು ದ್ರಾಕ್ಷಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ಅವಳೇ ಉಪಾಯ ಹುಡುಕಿದಳು. ಹತ್ತುವ ಮೊದಲೇ, ಯಾರ ಮೇಲೆ ಕಾಲಿಡಬೇಕೋ ಅವರ ಹೆಗಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡುಬಿಡುವುದು. “ಮುಂಗಡ ಸಂದಾಯ ಆಯ್ತು. ಇನ್ನು ಯಾರೂ ಬಗ್ಗಂಗಿಲ್ಲ,” ಅಂದಳು. ಆ ವಾರವೇ ಗೋಪುರ ನಿಂತಿತು.

ತುದಿಯಲ್ಲಿ ನಿಲ್ಲುವವಳು ತ್ರಿಶಲಾ. ಹನ್ನೊಂದು ವರ್ಷದ ಕಡ್ಡಿಯಂಥ ಹುಡುಗಿ. ಸೂರ್ಯ ಮುಳುಗುವುದರೊಳಗೆ ಮನೆಯಲ್ಲಿ ಊಟಕ್ಕೆ ಕೂರಬೇಕೆಂದು ಬೇಗ ಓಡುವಳು, ಬರುವಾಗ ಮಾತ್ರ ಎಲ್ಲರಿಗಿಂತ ಮೊದಲು. ಅವಳಿಗೆ ಅದು ಆಟವಾಗಿರಲಿಲ್ಲ, ಜೀವವಾಗಿತ್ತು. ಅವಳ ತಂದೆ ನೇಮಿಚಂದ್ರರು ಬಟ್ಟೆ ವ್ಯಾಪಾರಿ, ಇರುವೆ ಸಾಲು ಕಂಡರೆ ಬಳಸಿಕೊಂಡು ನಡೆಯುವ ಮನುಷ್ಯ. ಮಗಳು ಹುಡುಗರ ನಡುವೆ ಇರುತ್ತಾಳೆ ಎಂದು ಅವರು ತಕರಾರು ಮಾಡಲಿಲ್ಲ. ಅವರ ಸಂಕಟವೇ ಬೇರೆ.

“ಇನ್ನೊಬ್ಬರನ್ನ ತುಳಿದು ಮೇಲೆ ಹೋಗೋದನ್ನ ನಮ್ಮ ಮಗು ಕಲೀಬೇಕಾ ದೇವೀರಪ್ಪನವರೇ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ಅವರಿಗೆ ಕುರ್ಚಿ ಹಾಕಿ ನೀರು ತರಿಸಿದರು. ಕೊನೆಗೆ ನೇಮಿಚಂದ್ರರೇ ಹೇಳಿದರು, “ಅರಸೀಕೆರೆ ಪ್ರದರ್ಶನಕ್ಕೆ ನಾನೇ ಬರ್ತೀನಿ. ಕಣ್ಣಾರೆ ನೋಡಿ ಮನಸ್ಸಿಗೆ ಒಪ್ಪಿದರೆ ಮುಂದುವರೀಲಿ. ಇಲ್ಲದಿದ್ದರೆ ಅದೇ ಕೊನೆ.”

ಮಕ್ಕಳ ದಿನಾಚರಣೆಗೆ ಅರಸೀಕೆರೆಯ ಮೈದಾನದಲ್ಲಿ ನಮ್ಮನ್ನು ಕರೆದಿದ್ದರು. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಾಡಿಕೊಂಡು ಹೋದೆವು. ಅರಸೀಕೆರೆ ಸ್ಟ್ಯಾಂಡಿನಲ್ಲಿ ಮರಿಯಣ್ಣ, ತಾನು ಸರ್ಕಸ್ಸಿನವನು ಅನ್ನುವ ಗತ್ತಿನಲ್ಲಿ, ಬಸ್ಸು ನಿಲ್ಲುವ ಮೊದಲೇ ಜಿಗಿದ. ಕಾಲು ಉಳುಕಿತು. ನೋಡುತ್ತಿದ್ದಂತೆ ಹರಡು ಊದಿಕೊಂಡಿತು. ನಡುಸಾಲಿನ ಇಬ್ಬರಲ್ಲಿ ಅವನೊಬ್ಬ, ಹುಚ್ಚಣ್ಣ ಇನ್ನೊಬ್ಬ. ಆ ಜಾಗದಲ್ಲಿ ನಿಂತು ಅಭ್ಯಾಸವಿದ್ದವರು ಬೇರೆ ಯಾರೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡು ನಾನು ಗತ್ತುಗಾರನಿಗೆ ಮನಸಾರೆ ಬೈದೆ.

ಮೈದಾನ ತಲುಪಿದ ಮೇಲೆ ಪರದೆಯ ಹಿಂದೆ ದ್ರಾಕ್ಷಕ್ಕ ಸೀರೆಗೆ ಕಚ್ಚೆ ಹಾಕಿ ಬಿಗಿದುಕೊಂಡಳು. “ನಾನು ನಿಲ್ತೀನಿ.”

“ಮೊಣಕಾಲು ಅಕ್ಕ?” ಅಂದೆ.

“ಅದು ನನ್ ಜೊತೆಗೇ ಬತ್ತದೆ, ಬಿಡೇ.”

ನಮಗೆಲ್ಲ ಧೈರ್ಯ ಬಂತು. ತ್ರಿಶಲಾಳ ಮುಖ ಮಾತ್ರ ಬಿಳಿಚಿಕೊಂಡಿತು. “ನಿಮ್ಮ ಮೇಲೆ ಕಾಲಿಡೋಕಾಗಲ್ಲ ಅಕ್ಕ. ನೀವು ಗುರುಗಳು.” ಹೀಗಂದವಳು ದ್ರಾಕ್ಷಕ್ಕನ ಕಾಲಿಗೆ ಬಿದ್ದಳು, ಎಬ್ಬಿಸಿದರೆ ಮತ್ತೆ ಬಿದ್ದಳು. ಮುಂಗಡ ಎಷ್ಟು ಕೊಟ್ಟರೂ ಅವಳಿಗೆ ಸಾಲದು. ನನಗೆ ರೇಗಿ, “ಮುಂದಿನ ಸಾಲಲ್ಲಿ ನಿಮ್ಮಪ್ಪಾಜಿ ಕೂತವ್ರೆ ಕಣೇ. ಈಗ ಹತ್ತದಿದ್ರೆ ಇನ್ಯಾವತ್ತೂ ಹತ್ತಂಗಿಲ್ಲ,” ಅಂದುಬಿಟ್ಟೆ. ಹುಡುಗಿ ಕಣ್ಣು ಒರೆಸಿಕೊಂಡು ಎದ್ದಳು. ಅಷ್ಟರಲ್ಲಿ ತಮಟೆ ಶುರುವಾಯಿತು.

ಕೆಳಗೆ ನಿಂತವಳಿಗೆ ಮೇಲಿನದು ಏನೂ ಕಾಣುವುದಿಲ್ಲ. ಎಲ್ಲ ಹೆಗಲಿಗೇ ತಿಳಿಯಬೇಕು. ನನ್ನ ಬಲಹೆಗಲಿಗೆ ಹುಚ್ಚಣ್ಣನ ಕಾಲು ಬಂತು, ಎಡಹೆಗಲಿಗೆ ದ್ರಾಕ್ಷಕ್ಕನ ಬಲಗಾಲು, ಅದೇ ಕೆಟ್ಟ ಕಾಲು. ಕಲ್ಲು ಊರಿದ ಹಾಗೆ ಊರಿತು. ಆಮೇಲೆ ತ್ರಿಶಲಾ ನನ್ನ ತೊಡೆ, ನನ್ನ ಹೆಗಲು ದಾಟಿ ಮೇಲೆ ಹೋದಳು. ಹುಚ್ಚಣ್ಣನ ಮೇಲೆ ಒಂದು ಕಾಲು ಇಟ್ಟಿದ್ದು ಭಾರದಿಂದ ಗೊತ್ತಾಯಿತು. ದ್ರಾಕ್ಷಕ್ಕನ ಕಡೆ ಭಾರ ಬರಲೇ ಇಲ್ಲ.

ಗೋಪುರ ಒಂದು ಕಡೆಗೆ ವಾಲಿತು. ಜನ ಅಯ್ಯೋ ಎಂದರು. ಹುಡುಗಿ ಬೆರಳ ತುದಿಯಲ್ಲಿ ನಿಂತು, ನಮಸ್ಕಾರ ಮಾಡಲು ಬಗ್ಗುತ್ತಿದ್ದಾಳೆಂದುಕೊಂಡೆ. ದ್ರಾಕ್ಷಕ್ಕನ ಕಾಲು ನನ್ನ ಹೆಗಲ ಮೇಲೆ ಗಡಗಡ ನಡುಗತೊಡಗಿತು. ಎದುರಿಗೆ ನೇಮಿಚಂದ್ರರು ಕುರ್ಚಿಯಿಂದ ಅರ್ಧ ಎದ್ದಿದ್ದರು.

ಆಗ ದ್ರಾಕ್ಷಕ್ಕ ಮಾತಾಡಿದಳು. ಕೂಗಲಿಲ್ಲ, ಮಗುವಿಗೆ ಅನ್ನ ಕಲಸಿಕೊಡುವಾಗ ಮಾತಾಡುವಷ್ಟೇ ಮೆತ್ತಗೆ. “ತುದೀಲಿ ನಿಂತ್ರೆ ನಂಗೆ ನೋಯ್ತದೆ ಕಣವ್ವ. ಪೂರ್ತಿ ಪಾದ ಊರು. ನಿನ್ ಭಾರ ಎಲ್ಲಾ ನಂಗೆ ಕೊಡು.”

ಒಂದು ಉಸಿರು ಏನೂ ಆಗಲಿಲ್ಲ. ಆಮೇಲೆ ಭಾರ ಬಂತು, ಒಟ್ಟಿಗೇ, ಕೊಡ ತುಂಬಿದ ಹಾಗೆ. ವಾಲಾಟ ನಿಂತಿತು. ನಡುಗುತ್ತಿದ್ದ ಆ ಕಾಲು ಕೂಡ ಹೇಗೋ ನಿಂತುಬಿಟ್ಟಿತು. ಮೈದಾನವೆಲ್ಲ ಚಪ್ಪಾಳೆ. ಮೇಲೆ ತ್ರಿಶಲಾ ಎರಡೂ ಕೈ ಚಾಚಿ ನಿಂತಿದ್ದಳಂತೆ, ನಗುತ್ತಿದ್ದಳಂತೆ. ನನಗೆ ಕಂಡಿದ್ದು ಮತ್ತೆ ಕುರ್ಚಿಗೆ ಕುಸಿದ ನೇಮಿಚಂದ್ರರು ಮಾತ್ರ.

ಆಟ ಮುಗಿದ ಮೇಲೆ ಅವರು ಪರದೆಯ ಹಿಂದಕ್ಕೆ ಬಂದರು. ದ್ರಾಕ್ಷಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮುಖದಲ್ಲಿ ನೋವು ಎದ್ದು ಕಾಣುತ್ತಿತ್ತು. ಅವಳ ಹೆಗಲ ಮೇಲೆ ಸಣ್ಣದೊಂದು ಕೆಮ್ಮಣ್ಣಿನ ಪಾದ ಹಾಗೇ ಮೂಡಿತ್ತು.

ನೇಮಿಚಂದ್ರರು ಅದನ್ನೇ ನೋಡುತ್ತಾ ಕೈ ಮುಗಿದರು. “ತಪ್ಪಾಯ್ತಮ್ಮ. ನಮ್ಮ ಹುಡುಗಿ ನಿಮ್ಮನ್ನ ತುಳಿದುಬಿಟ್ಟಳು.”

ದ್ರಾಕ್ಷಕ್ಕ ಕತ್ತು ಹೊರಳಿಸಿ ಆ ಗುರುತನ್ನು ನೋಡಿದಳು. ಒರೆಸಿಕೊಳ್ಳಲಿಲ್ಲ. “ಕಾಲು ಕೆಟ್ಟ ಮ್ಯಾಲೆ ಕಂಪನೀಲಿ ನನ್ ಹೆಗಲ ಮ್ಯಾಲೆ ಯಾರನ್ನೂ ನಿಲ್ಲಿಸ್ತಿರ್ಲಿಲ್ಲ ಸ್ವಾಮಿ. ಇವಳ ಮ್ಯಾಲೆ ಬ್ಯಾಡ, ಬಿದ್ದೋಯ್ತಾಳೆ ಅನ್ನೋರು. ಎಷ್ಟ್ ವರ್ಸ ಆಯ್ತೋ. ಇವತ್ತು ನಿಮ್ ಮಗ ನಿಂತ್ಳು.”

ಹೆಣ್ಣುಮಗುವನ್ನೂ ನಮ್ಮ ಕಡೆ ಮಗ ಅನ್ನುತ್ತೇವೆ, ಪ್ರೀತಿ ಉಕ್ಕಿದಾಗ.

ತ್ರಿಶಲಾ ನನ್ನ ಬೆನ್ನ ಹಿಂದೆ ನಿಂತು ನನ್ನ ಲಂಗ ಹಿಡಿದುಕೊಂಡಿದ್ದಳು. ನೇಮಿಚಂದ್ರರು ಮಗಳನ್ನು ಹತ್ತಿರ ಕರೆದು, “ನಾಳೆ ಹೋಗುವಾಗ ಅಮ್ಮನ ಹತ್ತಿರ ಹರಳೆಣ್ಣೆ ಬಿಸಿ ಮಾಡಿಸಿಕೊಂಡು ಹೋಗು. ಮೊದಲು ಇವರ ಮೊಣಕಾಲಿಗೆ ತಿಕ್ಕು. ಆಮೇಲೆ ನಿನ್ನ ಅಭ್ಯಾಸ,” ಅಂದರು.

ಅಷ್ಟು ಹೊತ್ತೂ ಹಲ್ಲು ಕಚ್ಚಿ ಕೂತಿದ್ದ ದ್ರಾಕ್ಷಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ.