ಮೂರು ಸಲ ಕೇಳುವ ಮನೆ

ಊರಂಚಿನ ಬಡಾವಣೆಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ರೈಲು ಬಂದದ್ದು, ನೀರು ಬಂದದ್ದು, ಬಂದ ನೀರು ನಿಂತದ್ದು ಮೊದಲಾದ ಸಣ್ಣಪುಟ್ಟ ಸಂಗತಿಗಳನ್ನು ಬೇಕಾದರೆ ಬಿಡಲಿ. ಹಳೆಯ ವಸತಿ ಸಂಘದ ಮೂರನೇ ಮಹಡಿಯಲ್ಲಿ, ಎದುರುಬದುರಾದ ಎರಡು ಅಡುಗೆಮನೆ ಬಾಲ್ಕನಿಗಳ ನಡುವೆ ಕಟ್ಟಿದ್ದ ಬಟ್ಟೆ ಒಣಹಾಕುವ ಹಗ್ಗದ ವಿಚಾರವನ್ನು ಮಾತ್ರ ಬಿಡಕೂಡದು. ಎರಡು ರಾಜ್ಯಗಳ ನಡುವಿನ ಗಡಿಗೆ ಎಷ್ಟು ಘನತೆಯಿರುತ್ತದೋ ಆ ಹಗ್ಗಕ್ಕೂ ಅಷ್ಟೇ ಇತ್ತು. ಎರಡು ತುದಿಗೂ ಒಂದೊಂದು ರಾಟೆ. ಈ ಕಡೆಯವರು ಎಳೆದರೆ ಆ ಕಡೆಯವರ ಬಟ್ಟೆ ಈ ಕಡೆ ಬರುತ್ತಿತ್ತು, ಆ ಕಡೆಯವರು ಎಳೆದರೆ ಈ ಕಡೆಯದು ಆ ಕಡೆ ಹೋಗುತ್ತಿತ್ತು. ಎಳೆದಾಗಲೆಲ್ಲ ರಾಟೆ ಕಿರ್ರೆನ್ನುತ್ತಿತ್ತು. ಎಣ್ಣೆ ಬಿಡುವ ಸರದಿ ಯಾರದೆಂಬುದು ಕಟ್ಟಡ ಬೀಳುವವರೆಗೂ ತೀರ್ಮಾನವಾಗಲಿಲ್ಲ.

ಹಗ್ಗದ ಈ ತುದಿಯಲ್ಲಿದ್ದವಳು ದೊಡ್ಡವಳು, ಆ ತುದಿಯಲ್ಲಿದ್ದವಳು ಚಿಕ್ಕವಳು. ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ವಾರಗಿತ್ತಿಯರು. ಅತ್ತೆ ಕರೆದದ್ದು ಹಾಗೆ, ಆಮೇಲೆ ಕಟ್ಟಡವೆಲ್ಲ ಕರೆದದ್ದೂ ಹಾಗೆಯೇ. ಅಣ್ಣತಮ್ಮಂದಿರು ಕೂಡಿಟ್ಟದ್ದನ್ನು ಒಟ್ಟು ಮಾಡಿ ಎದುರುಬದುರು ಫ್ಲಾಟು ಕೊಂಡರು, ರಾಟೆ ತಂದು ಹಗ್ಗ ಕಟ್ಟಿದರು, ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ಈ ಇಬ್ಬರು. ಇವರಿಬ್ಬರ ನಡುವೆ ಮಾತಿರಲಿಲ್ಲ.

ಮಾತು ಬಿಟ್ಟದ್ದಕ್ಕೆ ಕಾರಣ ಒಂದು ತಮಾಷೆ. ದೊಡ್ಡವಳು ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುತ್ತಿದ್ದಳು. ಮನೆಯ ಬಟ್ಟೆಯನ್ನೂ ಅಲ್ಲಿಯ ಶಿಸ್ತಿನಲ್ಲೇ ಬಿಸಿನೀರಿಗೆ ಹಾಕಿ, ಅಲ್ಲಿಯ ಔಷಧಿ ಬೆರೆಸಿ ಒಗೆಯುತ್ತಿದ್ದಳು. ಒಂದು ದಿನ ನೆಂಟರೆದುರು ಚಿಕ್ಕವಳು, "ನಮ್ಮಕ್ಕ ಮುಟ್ಟಿದ್ದೆಲ್ಲ ಆಸ್ಪತ್ರೆ ವಾಸನೆ. ಪಾಪ, ಭಾವ ಮನೇಲಿ ಮಲಗಿದ್ರೂ ವಾರ್ಡಲ್ಲಿ ಮಲಗಿದ ಹಾಗೇ" ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವನೇ. ಆ ಮಳೆಗಾಲ ಮುಗಿಯುವುದರೊಳಗೆ ಅವನು ನಿಜವಾಗಿಯೂ ವಾರ್ಡಿನಲ್ಲಿ ಮಲಗಿದ, ಹೆಂಡತಿಯ ವಿಭಾಗದಲ್ಲಿ ಒಗೆದ ಚಾದರದ ಮೇಲೆಯೇ, ಮತ್ತು ಏಳಲಿಲ್ಲ. ತಮಾಷೆಯಿಂದ ಯಾರೂ ಸಾಯುವುದಿಲ್ಲ ಎಂಬುದು ದೊಡ್ಡವಳಿಗೆ ಗೊತ್ತಿತ್ತು. ಆದರೂ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕವಳು ಅತ್ತಳು, ಬಾಗಿಲಲ್ಲಿ ನಿಂತಳು, ಕೊನೆಗೆ ಅವಳಿಗೂ ಸಿಟ್ಟು ಬಂತು.

ಮಾತು ಬಿಟ್ಟರೂ ಹಗ್ಗ ಬಿಡಲಿಲ್ಲ. ಮೋಡ ಕವಿದಾಗ ಮನೆಯಲ್ಲಿ ಯಾರಿರುತ್ತಾರೋ ಅವರು ಎರಡೂ ಮನೆಯ ಬಟ್ಟೆ ಎಳೆದುಕೊಳ್ಳುವುದು. ಬಿಸಿಲು ಬಂದ ಮೇಲೆ ಇನ್ನೊಬ್ಬರದನ್ನು ಮಡಚಿ, ಕ್ಲಿಪ್ಪು ಹಾಕಿ ಹಗ್ಗಕ್ಕೆ ಸಿಕ್ಕಿಸಿ ಸಾಗಹಾಕುವುದು. ದೊಡ್ಡವಳ ಕ್ಲಿಪ್ಪು ಮರದ್ದು, ಚಿಕ್ಕವಳದು ಬಣ್ಣಬಣ್ಣದ ಪ್ಲಾಸ್ಟಿಕ್ಕಿನದು. ಕ್ಲಿಪ್ಪುಗಳ ಲೆಕ್ಕಾಚಾರ ಎಂದೂ ತಪ್ಪಲಿಲ್ಲ. ಎದುರುಮನೆಯ ಸುದ್ದಿಯನ್ನು ದೊಡ್ಡವಳು ಹಗ್ಗದ ಮೇಲೆ ಓದುತ್ತಿದ್ದಳು. ಮಂಡಿಗೆ ಸುತ್ತುವ ಪಟ್ಟಿ ಒಣಗಲು ಬಂದರೆ ಚಿಕ್ಕವಳ ಕಾಲುನೋವು ಮರುಕಳಿಸಿದೆ. ಹೂವಿನ ದಿಂಬಿನ ಚೀಲ ಎರಡು ಬಂದರೆ ಮದುವೆಯಾಗಿ ಬೇರೆ ಊರಲ್ಲಿರುವ ಮಗಳು ಬಂದು ಹೋಗಿದ್ದಾಳೆ. ನಾಲ್ಕು ದಿನ ಒಂದೇ ನೈಟಿ ಇದ್ದರೆ ಏನೋ ಸರಿಯಿಲ್ಲ. ಅಂಥ ದಿನಗಳಲ್ಲಿ ದೊಡ್ಡವಳು ಸುಮ್ಮನೆ ಹಗ್ಗ ಎಳೆಯುತ್ತಿದ್ದಳು. ಆ ಕಡೆಯಿಂದ ಯಾರಾದರೂ ವಾಪಸು ಎಳೆದರೆ ಸಮಾಧಾನವಾಗಿ ಒಳಗೆ ಹೋಗುತ್ತಿದ್ದಳು.

ಇನ್ನು ಆ ಮನೆತನದ ಒಂದು ಚಾಳಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಆ ಮನೆಯಲ್ಲಿ ಏನನ್ನೂ ಮೊದಲ ಸಲ ಕೇಳಿದಾಗ ಯಾರೂ ಒಪ್ಪುತ್ತಿರಲಿಲ್ಲ. ಅತ್ತೆಯ ಕಾನೂನು ಹೀಗಿತ್ತು: ಮೊದಲನೇ ಸಲಕ್ಕೆ ಹೂಂ ಅನ್ನುವುದು ಹಸಿದವರ ಲಕ್ಷಣ, ಎರಡನೇ ಸಲಕ್ಕೆ ಅನ್ನುವುದು ಆಸೆಬುರುಕರ ಲಕ್ಷಣ, ಮೂರನೇ ಸಲವೂ ಬೇಡ ಅನ್ನುವುದು ಕೊಬ್ಬಿನ ಲಕ್ಷಣ. ಈ ಕಾನೂನು ತಿಳಿಯದೆ ದೊಡ್ಡವಳು ಹೊಸ ಸೊಸೆಯಾಗಿ ಬಂದ ವಾರವೆಲ್ಲ ಅರೆಹೊಟ್ಟೆಯಲ್ಲಿ ಮಲಗಿದ್ದಳು, ಯಾಕೆಂದರೆ ಅವಳ ತವರಿನಲ್ಲಿ ಒಂದೇ ಸಲ ಬೇಡ ಅನ್ನುವ ಪದ್ಧತಿ. ಗಂಡನ ಮನೆಯಲ್ಲಿ ಎರಡನೇ ಸಲಕ್ಕೇ ಹೂಂ ಅಂದು ಅತ್ತೆಯ ಹುಬ್ಬು ಏರಿಸಿದ್ದಳು, ಆಮೇಲೆ ಹೆದರಿ ಎಲ್ಲಕ್ಕೂ ಬೇಡ ಅಂದಿದ್ದಳು. ಆದ್ದರಿಂದ ಚಿಕ್ಕವಳು ಸೊಸೆಯಾಗಿ ಬಂದ ದಿನವೇ ಅವಳನ್ನು ಅಡುಗೆಮನೆಯ ಬಾಗಿಲ ಹಿಂದೆ ಎಳೆದುಕೊಂಡು ಕಿವಿಯಲ್ಲಿ ಹೇಳಿದ್ದಳು: "ಎರಡು ಸಲ ಬೇಡ ಅನ್ನು. ಮೂರನೇ ಸಲ ಹೂಂ ಅನ್ನು. ಬೇರೆಯವರು ಮರೆತರೂ ನಾನು ಮೂರು ಸಲ ಕೇಳೇ ಕೇಳ್ತೀನಿ, ಹೆದರಬೇಡ."

ಹೀಗಿರುವಾಗ ಬಡಾವಣೆಗೆ ಬಿಲ್ಡರು ಬಂದ. ಸುತ್ತಲ ಹಳೆಯ ಕಟ್ಟಡಗಳು ಹಲ್ಲು ಕಿತ್ತ ಹಾಗೆ ಒಂದೊಂದೇ ಹೋಗಿ, ಅವುಗಳ ಜಾಗದಲ್ಲಿ ತಗಡಿನ ಬೇಲಿ, ಬೇಲಿಯ ಮೇಲೆ ನಗುವ ಕುಟುಂಬಗಳ ಚಿತ್ರ ಬಂದಿದ್ದವು. ಇವರ ಸಂಘದ ಸರದಿಯೂ ಬಂತು. ಕಾರ್ಯದರ್ಶಿ ಎಲ್ಲರನ್ನೂ ವಾಹನ ನಿಲ್ಲಿಸುವ ಜಾಗದಲ್ಲಿ ಕೂಡಿಸಿದ. ಅವನಿಗೆ ಪ್ರಕಟಣೆ ಎಂದು ಅಡ್ಡಹೆಸರು. ಗಂಟೆ ಎಷ್ಟೆಂದು ಕೇಳಿದರೂ ಸಂಬಂಧಪಟ್ಟವರ ಗಮನಕ್ಕೆ ತರುವವನ ಧಾಟಿಯಲ್ಲಿ ಹೇಳುತ್ತಿದ್ದ. ನಡುವೆ ಮೇಜಿನ ಮೇಲೆ ಹೊಸ ಕಟ್ಟಡದ ಮಾದರಿ: ಗಾಜಿನ ಪೆಟ್ಟಿಗೆಯಲ್ಲಿ ಮೂರು ಗೋಪುರ, ನಡುವೆ ನೀಲಿ ಬಣ್ಣದ ಈಜುಕೊಳ, ಬೆರಳುದ್ದದ ಮರಗಳು, ನಾಯಿ ಹಿಡಿದು ನಡೆಯುವ ಕಾಳಿನಷ್ಟು ಹೆಂಗಸರು. ದೊಡ್ಡವಳು ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಅಷ್ಟು ಮನೆಗಳಲ್ಲಿ ಒಬ್ಬರಾದರೂ ಬಟ್ಟೆ ಒಗೆದ ಗುರುತಿರಲಿಲ್ಲ. ಹಗ್ಗ ಎಲ್ಲಿ ಕಟ್ಟುವುದೆಂದು ಕೇಳಿದಳು. ಜನ ನಕ್ಕರು. ಹೊರಗೆ ಬಟ್ಟೆ ಕಾಣುವ ಹಾಗಿಲ್ಲ, ಪ್ರತಿ ಮನೆಗೂ ಒಣಗಿಸುವ ಯಂತ್ರ ಉಚಿತ ಎಂದು ಪ್ರಕಟಣೆ ತಿಳಿಯಪಡಿಸಿದ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಚಿಕ್ಕವಳು ನಗಲಿಲ್ಲ. ಅದನ್ನು ದೊಡ್ಡವಳು ತಿರುಗದೆಯೇ ಗಮನಿಸಿದಳು.

ಒಂದು ಅನುಕೂಲವಿತ್ತು. ಈಗ ನೆರೆಹೊರೆಯಾಗಿರುವವರು ಇಬ್ಬರೂ ಒಪ್ಪಿದರೆ ಜೋಡಿ ಎಂದು ಬರೆಸಬಹುದು. ಹೊಸ ಕಟ್ಟಡದಲ್ಲಿ ಗೋಡೆಗೆ ಗೋಡೆ ತಾಗಿದ ಮನೆ, ಅಲ್ಲಿಯವರೆಗಿನ ಬಾಡಿಗೆ ಮನೆಯೂ ಅಕ್ಕಪಕ್ಕ. ಬರೆಸದವರದು ಚೀಟಿ ಎತ್ತಿದಂತೆ, ಎಲ್ಲಿ ಬಿದ್ದರೆ ಅಲ್ಲಿ.

ಅದನ್ನು ಕೇಳಲು ಬಿಲ್ಡರ್ ಕಚೇರಿಯ ಹುಡುಗಿಯೊಬ್ಬಳು ಕೈಯಲ್ಲಿ ಟ್ಯಾಬು ಹಿಡಿದು ಮನೆಮನೆ ಸುತ್ತಿದಳು. ಚಿಕ್ಕವಳ ಮನೆಗೆ ಮೊದಲು ಹೋದಳು. ದೊಡ್ಡವಳು ಒದ್ದೆ ದಿಂಬಿನ ಚೀಲ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದಳು. ಕದ್ದು ಕೇಳುವ ಅಭ್ಯಾಸ ಅವಳಿಗಿರಲಿಲ್ಲ, ಆದರೆ ಆ ಹೊತ್ತಿಗೆ ಚೀಲ ಹಿಂಡುವುದು ಬಹಳವಿತ್ತು. ಎದುರುಮನೆಯವರ ಪಕ್ಕದಲ್ಲೇ ಬೇಕೇ ಎಂದು ಹುಡುಗಿ ಕೇಳಿದ್ದೂ, "ಅಯ್ಯೋ, ಅದೆಲ್ಲ ಏನೂ ಬೇಡಮ್ಮ" ಎಂದು ಚಿಕ್ಕವಳು ಹೇಳಿದ್ದೂ ಸ್ಪಷ್ಟವಾಗಿ ಕೇಳಿಸಿತು. ಒಂದು, ಎಂದು ದೊಡ್ಡವಳು ಎಣಿಸಿ ಎರಡನೆಯದಕ್ಕೆ ಕಾದಳು. ಚಪ್ಪಲಿಯ ಸದ್ದಾಯಿತು. ಈ ಸಲ ಬಾರಿಸಿದ್ದು ದೊಡ್ಡವಳದೇ ಮನೆಯ ಕರೆಗಂಟೆ.

ಅವಳನ್ನೂ ಹುಡುಗಿ ಅದನ್ನೇ ಕೇಳಿದಳು. ದೊಡ್ಡವಳು ಮರ್ಯಾದಸ್ಥರ ಮನೆಯವಳು, ಬೇಡ ಎಂದಳು. ಹುಡುಗಿ ಬೆರಳಿನಿಂದ ಒಂದು ಸಲ ಒತ್ತಿದಳು, ಮುಗಿಯಿತು. ಅವಳನ್ನು ಹೇಗಾದರೂ ನಿಲ್ಲಿಸಿಕೊಳ್ಳಬೇಕೆಂದು ನೀರು ಕುಡಿಯುತ್ತೀಯೇನಮ್ಮ ಎಂದು ಕೇಳಿದರೆ, ಹೂಂ ಆಂಟಿ, ತಣ್ಣಗಿದ್ರೆ ಒಳ್ಳೇದು ಎಂದು ಮೊದಲನೇ ಸಲಕ್ಕೇ ಒಪ್ಪಿ ಗಟಗಟ ಕುಡಿದಳು. ದೊಡ್ಡವಳು ಬಾಗಿಲಿಗೆ ಅಡ್ಡವಾಗಿ ನಿಂತು, "ಬೇರೆ ಏನಾದ್ರೂ ಕೇಳೋದಿದೆಯಾ?" ಎಂದಳು.

"ಏನಿಲ್ಲ ಆಂಟಿ. ಮನಸ್ಸು ಬದಲಾದ್ರೆ ಶನಿವಾರ ಸಂಜೆಯೊಳಗೆ ಇಬ್ಬರೂ ಒಟ್ಟಿಗೆ ಬಂದು ಹೇಳಿ, ಸಾಕು."

ಅಂದು ಸಂಜೆ ದೊಡ್ಡವಳು ಟ್ರಂಕಿನ ತಳದಿಂದ ಅತ್ತೆಯ ಕಾಲದ ನೀಲಿಗೀಟಿನ ಜೋಡಿಚಾದರ ತೆಗೆದಳು. ಒಬ್ಬರಿಂದ ಮಡಚಲಾಗದಷ್ಟು ಅಗಲದ್ದು. ಹಿಂದೆಲ್ಲ ಅದನ್ನು ಹಗ್ಗಕ್ಕೆ ಹಾಕಿ ನಡುವಿಗೆ ಸಾಗಿಸಿದರೆ ಅರ್ಥ ಒಂದೇ: ಒಣಗಿದ ಮೇಲೆ ಮನೆಬಾಗಿಲುಗಳ ಮುಂದಿನ ಓಣಿಗೆ ಬಾ, ಮಡಚೋಣ. ಇಬ್ಬರೂ ಎರಡೆರಡು ಮೂಲೆ ಹಿಡಿದು, ಝಾಡಿಸಿ, ಹತ್ತಿರ ಬಂದು, ದೂರ ಹೋಗಿ, ಊರ ಮೇಲಿನ ಸುದ್ದಿಯನ್ನೆಲ್ಲ ಅದರೊಳಗೆ ಮಡಚುತ್ತಿದ್ದರು. ಮಾತು ಬಿಟ್ಟ ಮೇಲೆ ಅದು ಹಗ್ಗ ಕಂಡಿರಲಿಲ್ಲ. ಈಗ ಅದನ್ನು ಒಗೆದು ಹಾಕಿದಳು. ಮಾರನೇ ದಿನ ಓಣಿಯಲ್ಲಿ ಚಪ್ಪಲಿ ಸದ್ದಾಗಲಿಲ್ಲ. ಚಾದರ ಮಾತ್ರ ವಾಪಸು ಬಂತು, ಒಬ್ಬರೇ ಒದ್ದಾಡಿ ಮಡಚಿದ್ದು, ಅಂಚಿಗೆ ಅಂಚು ಕೂಡದ್ದು, ಎರಡು ಹಸಿರು ಕ್ಲಿಪ್ಪಿನೊಂದಿಗೆ. ದೊಡ್ಡವಳು ಎರಡು ಎಂದಳು. ಬಿಚ್ಚಿ, ನೀರಲ್ಲದ್ದಿ, ಮತ್ತೆ ಸಾಗಹಾಕಿದಳು. ಶುಕ್ರವಾರ ಅದು ಮತ್ತೆ ವಾಪಸು ಬಂತು. ಈ ಸಲ ಮಡಿಕೆ ಮೊದಲಿಗಿಂತ ಅಚ್ಚುಕಟ್ಟಾಗಿತ್ತು.

ಹುಡುಗಿಯದು ಒಂದು, ಚಾದರದ್ದು ಎರಡು, ಒಟ್ಟು ಮೂರು. ಮೂರನೇ ಸಲವೂ ಬೇಡ ಎಂದ ಮೇಲೆ ಅತ್ತೆಯ ಕಾನೂನಿನಲ್ಲಿ ನಾಲ್ಕನೆಯದು ಇರಲಿಲ್ಲ. ನಾಲ್ಕನೇ ಸಲ ಕೇಳುವವರನ್ನು ಏನೆನ್ನಬೇಕೆಂದು ಅತ್ತೆ ಹೇಳಿಯೂ ಇರಲಿಲ್ಲ. ದೊಡ್ಡವಳು ಚಾದರವನ್ನು ಟ್ರಂಕಿಗೆ ಹಾಕಿ, ಅದರ ಮೇಲೆ ಕಂಬಳಿ ಹಾಕಿ, ಮುಚ್ಚಳ ಮುಚ್ಚಿ ಅದರ ಮೇಲೆ ಕುಳಿತಳು.

ಶನಿವಾರ ಎದುರುಗಡೆಯ ರಾಟೆ ಬೆಳಗಿನಿಂದ ಕಿರ್ರೆನ್ನುತ್ತಲೇ ಇತ್ತು. ಬಟ್ಟೆಯಿಲ್ಲದ ಬರಿಯ ಹಗ್ಗ ಆ ಕಡೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೋಗುತ್ತಿತ್ತು. ಈಗ ಎಣ್ಣೆ ಬಿಡುತ್ತಿದ್ದಾಳೆ, ಕಟ್ಟಡ ಬೀಳುವ ಹೊತ್ತಿಗೆ ಬುದ್ಧಿ ಬಂತು ಎಂದುಕೊಂಡು ದೊಡ್ಡವಳು ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ಮನೆ ಖಾಲಿ ಮಾಡುವ ದಿನ ಓಣಿಯ ತುಂಬ ಹಗ್ಗ ಬಿಗಿದ ಪೆಟ್ಟಿಗೆಗಳು. ಚಿಕ್ಕವಳ ಮಗಳು ಕೆಳಗೆ ಲಾರಿಯವನೊಂದಿಗೆ ಜಗಳವಾಡುತ್ತಿದ್ದಳು. ಕಟ್ಟಡ ಮುಗಿಯುವವರೆಗೆ ತಾಯಿಯನ್ನು ತನ್ನ ಊರಿಗೆ ಕರೆದೊಯ್ಯಲು ಬಂದಿದ್ದಳು. ಚಿಕ್ಕವಳು ಮಂಡಿಯ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಒಂದು ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ದೊಡ್ಡವಳು ಬಾಗಿಲಿಗೆ ಬೀಗ ಹಾಕಿ ತಿರುಗಿದಾಗ ದಾರಿಗೆ ಅಡ್ಡವಾಗಿದ್ದದ್ದು ಚಿಕ್ಕವಳ ಕಾಲು. ಅದನ್ನು ದಾಟಬೇಕು, ಇಲ್ಲವೇ ಸರಿಸು ಅನ್ನಬೇಕು. ಎರಡೂ ಆಗದೆ ನಿಂತಳು.

"ಎರಡೇ ಸಲ ಕೇಳಿದೆಯಲ್ಲ ಅಕ್ಕ" ಎಂದಳು ಚಿಕ್ಕವಳು, ನೆಲ ನೋಡುತ್ತ. ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು.

"ಮೂರು ಸಲ. ಆ ಹುಡುಗಿ ಕೇಳಲಿಲ್ವಾ?"

"ಅವಳೇನು ನಮ್ಮನೆಯವಳಾ?"

ದೊಡ್ಡವಳು ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿದಳು. ಬೇರೆಯವರು ಮರೆತರೂ ನಾನು ಕೇಳುತ್ತೇನೆ ಎಂದು ಬಾಗಿಲ ಹಿಂದೆ ಹೇಳಿದವಳು ತಾನೇ. ಬೇರೆಯವರು ಕೇಳಿದ್ದನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡವಳೂ ತಾನೇ.

"ಶನಿವಾರ ಇಡೀ ಹಗ್ಗ ಎಳೆದೆ" ಎಂದಳು ಚಿಕ್ಕವಳು. "ಚಾದರ ಬರುತ್ತೆ ಅಂತ. ಮೊದಲನೇ ಸಲ ಮಡಚಿದ್ದು ಚೆನ್ನಾಗಿರಲಿಲ್ಲ, ನೀನು ಬೈತೀಯ ಅಂತ ಎರಡನೇ ಸಲ ಎರಡೆರಡು ಬಾರಿ ಬಿಚ್ಚಿ ಮಡಚಿದ್ದೆ."

ದೊಡ್ಡವಳು ಬೀಗ ತೆಗೆದು ಒಳಗೆ ಹೋದಳು. ಕೊನೆಯಲ್ಲಿ ಸಾಗಿಸಲೆಂದು ಬಿಟ್ಟಿದ್ದ ಟ್ರಂಕು ಇನ್ನೂ ಅಲ್ಲೇ ಇತ್ತು. ಚಾದರ ತಂದು ಒಂದು ತುದಿಯನ್ನು ಚಿಕ್ಕವಳ ಮಡಿಲಿಗೆ ಹಾಕಿದಳು. "ಮೂರನೇ ಸಲ ಕೇಳ್ತಿದೀನಿ. ಪಕ್ಕದಲ್ಲೇ ಇರ್ತೀಯಾ?"

"ಹೂಂ."

ಚಿಕ್ಕವಳು ಗೋಡೆ ಹಿಡಿದು ಎದ್ದಳು. ಪೆಟ್ಟಿಗೆಗಳ ನಡುವೆ ಜಾಗ ಸಾಲದೆ ಚಾದರವನ್ನು ಪೂರ್ತಿ ಹರಡಲಾಗಲಿಲ್ಲ. ಆದಷ್ಟು ಎಳೆದು, ಝಾಡಿಸಿ, ಮಡಚಿದರು. ಹತ್ತಿರ ಬಂದಾಗ ಚಿಕ್ಕವಳು ಅದನ್ನು ಮೂಸಿ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. "ಹೇಳು, ಆಸ್ಪತ್ರೆ ವಾಸನೆ ಅನ್ನು" ಎಂದಳು ದೊಡ್ಡವಳು. ಚಿಕ್ಕವಳ ಕಣ್ಣು ತುಂಬಿತ್ತು. ದೊಡ್ಡವಳು ಸೆರಗಂಚಿಗಾಗಿ ಹುಡುಕದೆ ಚಾದರದ ಮೂಲೆಯಿಂದಲೇ ಒರೆಸಿದಳು.

ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದು ಪ್ರಕಟಣೆಯ ಬಳಿ ಹೋದರು. ಅವನು ಬಿಲ್ಡರ್ ಕಚೇರಿಗೆ ಫೋನು ಮಾಡಿದ. ಮನುಷ್ಯ ಕೆಟ್ಟವನಲ್ಲ, ಎರಡು ಸಲ ಮಾಡಿದ. ಹಂಚಿಕೆ ಮುಗಿದಿದೆ, ಕಂಪ್ಯೂಟರಿನಲ್ಲಿ ಬೀಗ ಬಿದ್ದಿದೆ, ಒಂದನ್ನು ಸರಿಸಿದರೆ ಎಲ್ಲವನ್ನೂ ಸರಿಸಬೇಕಾಗುತ್ತದೆ ಎಂದು ಆ ಕಡೆಯ ಹುಡುಗಿ ಹೇಳಿದಳಂತೆ. ಮೂರನೇ ಸಲ ಮಾಡು ಎಂದಳು ದೊಡ್ಡವಳು. ಅವನು ಮಾಡಿದ. ಆ ಕಡೆ ಯಾರೂ ಎತ್ತಲಿಲ್ಲ.

ಲಾರಿ ಹಾರ್ನು ಹಾಕಿತು. ಚಾದರ ಯಾರ ಬಳಿ ಇರಬೇಕೆಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ದೊಡ್ಡವಳು ಕೊಡಲು ಹೋದಳು, ಚಿಕ್ಕವಳು ಬೇಡ ಎಂದಳು. ಮತ್ತೆ ಕೊಡಲು ಹೋದಳು, ಮತ್ತೆ ಬೇಡ ಎಂದಳು. ಮೂರನೇ ಸಲ ತೆಗೆದುಕೊಂಡಳು.

ಕಟ್ಟಡ ಮುಗಿಯಲು ಹೇಳಿದ್ದಕ್ಕಿಂತ ಎರಡು ವರ್ಷ ಹೆಚ್ಚಾಯಿತು. ದೊಡ್ಡವಳಿಗೆ ಮೊದಲನೇ ಗೋಪುರದಲ್ಲಿ ಮನೆ ಸಿಕ್ಕಿತು. ಚಿಕ್ಕವಳಿಗೆ ಸಿಕ್ಕಿದ್ದು ಈಜುಕೊಳದ ಆಚೆ, ಮೂರನೇ ಗೋಪುರದಲ್ಲಿ. ಚಿಕ್ಕವಳು ಮರಳಿ ಬರಲಿಲ್ಲ. ಅದರ ಬೀಗದ ಕೈಯನ್ನು ಅವಳ ಮಗಳು ಬಂದು ಪಡೆದುಕೊಂಡು, ಮನೆಯನ್ನು ಬಾಡಿಗೆಗೆ ಕೊಟ್ಟು ಹೋದಳು.